ತೊಳೆದ ಜೀನ್ಸ್ ಬಣ್ಣದ ದಾಸವಾಳ

ಮಾಸ್ಟರ್ ತೀರಿಕೊಂಡ ಹನ್ನೊಂದನೆಯ ದಿನ ಅವರ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಊಟಕ್ಕೆ ಮುಂಚೆ ಒಬ್ಬೊಬ್ಬರೇ ಎದ್ದು ಎರಡೆರಡು ಮಾತಾಡಿದರು. ಫ್ಯಾಕ್ಟರಿಯವರು ಅವರ ಕತ್ತರಿಯನ್ನು ಹೊಗಳಿದರು, ಓಣಿಯವರು ಅವರ ಹೂಗಳನ್ನು ಹೊಗಳಿದರು. ಆಮೇಲೆ ಯಾರೋ ಹಿರಿಯರು ನನ್ನ ಕಡೆ ಕೈ ಮಾಡಿ, “ಈ ತಮ್ಮ ಮಾತಾಡ್ಲಿ, ಕಡೀಕ ಎರಡು ವರ್ಷ ಮಾಸ್ಟರಿಗೆ ಬಲಗೈ ಆಗಿದ್ದವ ಇವನ” ಅಂದರು. ಎದ್ದು ನಿಂತೆ. ಬಾಯಿ ತೆರೆದೆ. ಒಂದಕ್ಷರ ಬರಲಿಲ್ಲ. ಹಾಗೇ ಕೂತುಬಿಟ್ಟೆ. “ಪಾಪ, ಭಾಳ ಹಚ್ಚಿಕೊಂಡಿದ್ದ” ಅಂತ ಹಿಂದೆ ಕೂತ ಹೆಂಗಸರು ಲೊಚಗುಟ್ಟಿದರು.

ಹಚ್ಚಿಕೊಂಡಿದ್ದು ನಿಜ. ಆದರೆ ಅವತ್ತು ನನ್ನ ಬಾಯಿ ಕಟ್ಟಿದ್ದು ಹೆದರಿಕೆಯಿಂದ. ಬಲಗೈಯಂತೆ, ಬಲಗೈ! ಆ ಮನುಷ್ಯ ಹನ್ನೊಂದು ವರ್ಷ ಮಾಡಿದ ಕೆಲಸಕ್ಕೆ ಕೊಳ್ಳಿ ಇಟ್ಟ ಕೈ ಇದು. ಅದನ್ನು ಅಷ್ಟು ಜನರ ಮುಂದೆ ಹೇಳುವ ಎದೆ ನನಗಿರಲಿಲ್ಲ. ಈಗ ಮನೆಯಲ್ಲಿ ಒಬ್ಬನೇ ಕೂತು ಬರೆಯುತ್ತಿದ್ದೇನೆ.

ಮಾಸ್ಟರ್ ಅಂದರೆ ಶಾಲೆಯ ಮೇಷ್ಟ್ರಲ್ಲ, ಕಟಿಂಗ್ ಮಾಸ್ಟರ್. ಬಳ್ಳಾರಿಯ ಒಂದು ಜೀನ್ಸ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಬಟ್ಟೆ ಕತ್ತರಿಸಿದವರು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರಪದರವಾಗಿ ಹಾಸಿ, ಮೇಲಿನ ಪದರದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, ಮಷೀನು ಹಿಡಿದು ಒಂದೇ ಸಲಕ್ಕೆ ಅಷ್ಟನ್ನೂ ಕತ್ತರಿಸುವ ಕೆಲಸ. ಗೆರೆ ದಾರದಷ್ಟು ಅತ್ತಿತ್ತ ಆದರೆ ಕೆಳಗಿನ ಅಷ್ಟೂ ಪ್ಯಾಂಟು ಹಾಳು. ಆ ಕೆಲಸ ಮಾಡಿ ಮಾಡಿ ಮನುಷ್ಯನ ಸ್ವಭಾವವೇ ಹಾಗಾಗಿತ್ತು. ಅಂದಾಜು ಅನ್ನುವ ಮಾತು ಕೇಳಿದರೆ ಮೈಮೇಲೆ ಬರುತ್ತಿದ್ದರು. ಉಗುರಿನ ಸಂದಿಯಲ್ಲಿ ನೀಲಿ ಕೂತು ಹೋಗಿತ್ತು, ಎಷ್ಟು ತಿಕ್ಕಿದರೂ ಬಿಡುತ್ತಿರಲಿಲ್ಲ. ಕೊರಳಲ್ಲಿ ಯಾವಾಗಲೂ ಇಂಚುಟೇಪು. ಒಂದು ಮದುವೆಗೆ ಅದನ್ನೇ ಹಾಕಿಕೊಂಡು ಬಂದು ಪಂಕ್ತಿಯಲ್ಲಿ ಕೂತಿದ್ದರು. “ಏನ್ರೀ, ಹೋಳಿಗಿ ಅಳತಿ ಮಾಡಾಕ ಬಂದೀರೇನು?” ಅಂತ ಅವರ ಹೆಂಡತಿ ಬೈದದ್ದು ಇಡೀ ಪಂಕ್ತಿಗೆ ಕೇಳಿತ್ತು. ಕೆಲಸಗಾರರನ್ನು ಬೈಯುವಾಗ ತೆಲುಗು, ಲೆಕ್ಕ ಹಾಕುವಾಗ ಉರ್ದು, ಮನೆಯವರು, ಓಣಿಯವರು, ಗಿಡಗಳ ಜೊತೆ ಕನ್ನಡ.

ಹೌದು, ಗಿಡಗಳ ಜೊತೆ ಮಾತಾಡುತ್ತಿದ್ದರು. ನಮ್ಮ ಓಣಿ ಗುಡ್ಡದ ಬೆನ್ನಿಗೆ ಅಂಟಿಕೊಂಡಿದೆ. ಬೇಸಿಗೆಯಲ್ಲಿ ಬಂಡೆ ಕಾದು, ಸೂರ್ಯ ಮುಳುಗಿದ ಮೇಲೂ ಬಿಸಿ ಉಗುಳುತ್ತಿರುತ್ತದೆ. ಅಂಥ ಜಾಗದಲ್ಲಿ ಆ ಮನುಷ್ಯ ಪೇಂಟಿನ ಡಬ್ಬಿ, ಒಡೆದ ಬಕೆಟ್ಟು, ಹಳೇ ಸಿಮೆಂಟು ತೊಟ್ಟಿ, ಸಿಕ್ಕಿದ್ದರಲ್ಲೆಲ್ಲ ದಾಸವಾಳ ಬೆಳೆಸಿದ್ದರು. ಹಳೇ ಜೀನ್ಸುಗಳನ್ನು ಬಿಚ್ಚಿ ಹೊಲಿದು ಅವಕ್ಕೆ ನೆರಳಿನ ಚಪ್ಪರ ಮಾಡಿದ್ದರು. ತಲೆ ಎತ್ತಿ ನೋಡಿದರೆ ಅಲ್ಲಲ್ಲಿ ಜೇಬುಗಳು ನೇತಾಡುತ್ತಿದ್ದವು. ಬರೀ ಬೆಳೆಸಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅವರು ಗಿಡಕ್ಕೆ ಗಿಡ ಕೂಡಿಸಿ ಹೊಸ ಹೂವು ಹುಟ್ಟಿಸುತ್ತಿದ್ದರು.

ಕೆಲಸ ನೋಡುವುದಕ್ಕೆ ಸಣ್ಣದು. ಬೆಳಿಗ್ಗೆ ಅರಳಿದ ಒಂದು ಹೂವಿನ ನಡುವಿನ ಕಡ್ಡಿಯಲ್ಲಿ ಹಳದಿ ಪುಡಿ ಇರುತ್ತದಲ್ಲ, ಅದನ್ನು ತಂದು ಇನ್ನೊಂದು ಗಿಡದ ಹೂವಿನ ತುದಿಯ ಐದು ಚುಕ್ಕೆಗಳಿಗೆ ಮುಟ್ಟಿಸುವುದು. ಪುಡಿ ಕೊಟ್ಟದ್ದು ತಂದೆ, ತೆಗೆದುಕೊಂಡದ್ದು ತಾಯಿ. ಹಿಡಿದರೆ ಕಾಯಿ ಕಟ್ಟುತ್ತದೆ, ಎರಡು ಮೂರು ತಿಂಗಳಿಗೆ ಒಣಗಿ ಬಿರಿಯುತ್ತದೆ, ಒಳಗೆ ಎಂಟೋ ಹತ್ತೋ ಬೀಜ. ಬೀಜ ನೆಟ್ಟು ಹೂವು ಕಾಣುವುದಕ್ಕೆ ವರ್ಷದ ಮೇಲೆ ಬೇಕು. ನಮ್ಮ ಬಳ್ಳಾರಿ ಬಿಸಿಲಿಗೆ ಕಾಯಿ ನಿಲ್ಲುವುದೇ ಇಲ್ಲ. ದೀಪಾವಳಿ ಕಳೆದು ಸಂಕ್ರಾಂತಿ ಮುಗಿಯುವವರೆಗೆ ಏನು ಮಾಡಿಕೊಂಡರೋ ಅಷ್ಟೇ.

ಉಳಿದ ತಿಂಗಳೆಲ್ಲ ಪುಸ್ತಕದ ಕೆಲಸ. ಫ್ಯಾಕ್ಟರಿಯಲ್ಲಿ ಕಟಿಂಗ್ ಲೆಕ್ಕ ಬರೆಯುವ ಉದ್ದನೆಯ ರಿಜಿಸ್ಟರೊಂದನ್ನು ತಂದಿಟ್ಟುಕೊಂಡಿದ್ದರು. ಅದರ ಅಂಕಣಗಳ ತಲೆಬರಹ ಹೊಡೆದು ಹಾಕಿ ತಮ್ಮದು ಬರೆದಿದ್ದರು: ತಾಯಿ, ತಂದೆ, ತಾರೀಖು, ಹೊತ್ತು, ಬಿಸಿಲು, ಕಾಯಿ, ಬೀಜ, ಮೊದಲ ಹೂವು. ಪ್ರತಿ ತಂದೆಗೆ ಒಂದು ಬಣ್ಣದ ದಾರ. ಜೀನ್ಸ್ ಹೊಲಿಯುವ ದಾರಗಳೇ, ಸಾಸಿವೆ ಬಣ್ಣ, ತಾಮ್ರದ ಬಣ್ಣ, ಬಿಳಿ, ಕಪ್ಪು. ಪುಡಿ ಮುಟ್ಟಿಸಿದ ಕೂಡಲೇ ಹೂವಿನ ತೊಟ್ಟಿಗೆ ಆ ದಾರ ಕಟ್ಟಬೇಕು, ಕಟ್ಟಿದ ಕೂಡಲೇ ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಬರೆದರಾಯಿತು ಅನ್ನುವುದು ಅವರ ಲೆಕ್ಕದಲ್ಲಿ ಪಾಪ. ಶ್ರಾವಣದಲ್ಲಿ ಅಂಗಳದಲ್ಲಿ ಚಾಪೆ ಹಾಸಿಕೊಂಡು, ಬರುವ ಚಳಿಗಾಲಕ್ಕೆ ಯಾವ ತಾಯಿಗೆ ಯಾವ ತಂದೆ ಅಂತ ಯೋಚಿಸುತ್ತ ಕೂಡುವರು. ಒಂದು ಜೋಡಿ ಬರೆಯುವುದು, ಅವರವರ ಅಪ್ಪ ಅಮ್ಮ ಯಾರು ಅಂತ ಹಿಂದಿನ ಪುಟ ತಿರುವುವುದು, ತಲೆ ಆಡಿಸುವುದು, ಹೊಡೆದು ಹಾಕುವುದು. “ಸ್ವಂತ ಮಗಳ ಮದುವಿಗೆ ಇಷ್ಟು ಸಂಬಂಧ ಸೋಸಲಿಲ್ಲ ನೋಡು ತಮ್ಮಾ ಇವ್ರು” ಅಂತ ಅಕ್ಕ, ಅಂದರೆ ಅವರ ಹೆಂಡತಿ, ನನ್ನ ಮುಂದೆ ದೂರುತ್ತಿದ್ದಳು. “ಮಗಳು ಬ್ಯಾಡ ಅಂದ್ರ ಬಾಯಿ ಬಿಟ್ಟು ಹೇಳ್ತಾಳ. ಗಿಡ ಹೇಳ್ತದೇನು?” ಅಂತ ಇವರು.

ಇನ್ನೊಂದು ನಿಯಮ ಇತ್ತು. ಒಂದು ತಾಯಿಗೆ ಒಂದು ಚಳಿಗಾಲಕ್ಕೆ ಒಂದೇ ಬಸಿರು. ಒಂದು ಕಾಯಿ ಗಟ್ಟಿಯಾಗಿ ನಿಂತಿತೋ, ಉಳಿದ ಮೊಗ್ಗುಗಳನ್ನು ಚಿವುಟಿಬಿಡುವರು. ಗಿಡಕ್ಕೂ ಸುಸ್ತಾಗಬಾರದು, ಪುಸ್ತಕದಲ್ಲೂ ಗೊಂದಲ ಆಗಬಾರದು.

ಒಂದು ಸಲ ನಮ್ಮ ಓಣಿಯ ಹಿರಿಯಾಕೆಯೊಬ್ಬಳು ಬೆಳಗಿನ ಪೂಜೆಗೆ ಇವರ ಅಂಗಳಕ್ಕೆ ಕೈ ಹಾಕಿ ದಾರ ಕಟ್ಟಿದ ಹೂವನ್ನೇ ಕಿತ್ತುಕೊಂಡು ಹೋದಳು. ನಮ್ಮಲ್ಲಿ ಅದೇನೂ ಕಳವಲ್ಲ. ದೇವರಿಗೆ ಕೊಯ್ಯುವ ಹೂವಿಗೆ ಬೇಲಿ ಇಲ್ಲ. ಮಾಸ್ಟರ್ ಜಗಳಕ್ಕೆ ಹೋಗುತ್ತಾರೆ ಅಂತ ನಾವೆಲ್ಲ ಕಾಯುತ್ತಿದ್ದೆವು. ಅವರು ಆಕೆಯ ಮನೆಗೆ ಹೋಗಿ, ಲಿಂಗದ ಮೇಲಿದ್ದ ಹೂವನ್ನು ಬಗ್ಗಿ ನೋಡಿ, ದಾರದ ಬಣ್ಣ ಗುರುತು ಹಿಡಿದು, ಕೈಮುಗಿದು ಬಂದರು. ಪುಸ್ತಕ ತೆಗೆದು ಕಾಯಿಯ ಅಂಕಣದಲ್ಲಿ ‘ಶಿವನಿಗೆ ಸಂದಿತು’ ಅಂತ ಬರೆದರು. ಹಾಗೆ ಬರೆಯದಿದ್ದರೆ ಏನಾಗುತ್ತಿತ್ತು ಅಂದೆ. “ಸುಳ್ಳಾಗ್ತಿತ್ತು. ಮುಂದ ಯಾರಾದ್ರೂ ನೋಡಿ, ಈ ಜೋಡಿ ಕಾಯಿ ಹಿಡಿಯಂಗಿಲ್ಲ ಅಂತ ತಿಳೀತಿದ್ರು. ಹಿಡೀತದೋ ಇಲ್ಲೋ ಯಾರಿಗೆ ಗೊತ್ತು? ಗೊತ್ತಿಲ್ಲ ಅನ್ನೋದೂ ಒಂದು ಲೆಕ್ಕ ಅಲ್ಲೇನು.”

ಇಷ್ಟೆಲ್ಲ ಯಾಕೆ ಅಂದರೆ, ಅವರಿಗೆ ಒಂದು ಬಣ್ಣ ಬೇಕಾಗಿತ್ತು. ತೊಳೆದ ಜೀನ್ಸಿನ ಬಣ್ಣ. ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ಅವರು ನಗಲಿಲ್ಲ. “ಮೂವತ್ತು ವರ್ಷ ಬಟ್ಟಿ ಕತ್ತರಿಸೀನಿ. ನನ್ನ ಕೈಗೆ ಬರೋದು ಕಡುನೀಲಿ, ಹಲಗಿ ಇದ್ದಂಗ ಇರತದ. ಇಲ್ಲಿಂದ ಹೊಲಿಗಿಗೆ ಹೋತು, ವಾಷಿಂಗಿಗೆ ಹೋತು, ಅಲ್ಲಿಂದ ಲಾರಿ ಹತ್ತಿತು. ಚೆಂದ ಆಗೋದು ಅಲ್ಲಿ. ಆ ಬೂದಿ ಬೂದಿ ನೀಲಿ, ನಾ ಕಂಡಿದ್ದು ಬೀದಿಯಾಗ ಯಾರ್‍ಯಾರದೋ ಕಾಲ ಮ್ಯಾಲ. ನನ್ನ ಅಂಗಳದಾಗ ಒಂದು ದಿನ ಅದು ಅರಳಬೇಕು ತಮ್ಮಾ. ಒಂದ ದಿನ ಸಾಕು.” ದಾಸವಾಳ ಇರುವುದೂ ಒಂದೇ ದಿನ, ಬೆಳಿಗ್ಗೆ ಬಿರಿದು ಸಂಜೆಗೆ ಮುದುಡುತ್ತದೆ.

ಹನ್ನೊಂದು ವರ್ಷದಲ್ಲಿ ಆ ಬಣ್ಣಕ್ಕೆ ಎಲ್ಲಕ್ಕಿಂತ ಹತ್ತಿರ ಬಂದದ್ದು ಅವರ ಪುಸ್ತಕದ ನಲವತ್ತೊಂದನೇ ನಂಬರಿನ ಗಿಡ. ಅವರೇ ಹುಟ್ಟಿಸಿದ್ದು, ಮೂರು ತಲೆಮಾರಿನ ಕೂಡಿಕೆ. ತಿಳಿ ನೇರಳೆ, ಅಂಚಿನಲ್ಲಿ ಬೂದಿ ಬಳಿದ ಹಾಗೆ. ಬಲು ಸೂಕ್ಷ್ಮದ ಗಿಡ. ಟೊಂಗೆ ನೆಟ್ಟರೆ ಬೇರು ಬಿಡುತ್ತಿರಲಿಲ್ಲ, ಕಸಿ ಕಟ್ಟಿದರೆ ಹಿಡಿಯುತ್ತಿರಲಿಲ್ಲ. ಹಾಗಾಗಿ ಭೂಮಿಯ ಮೇಲೆ ಅದು ಒಂದೇ. ಅದಕ್ಕೆ ತಕ್ಕ ತಂದೆ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಅವರಿಗೆ ಎದೆ ಹಿಡಿಯಿತು. ಅಷ್ಟು ವರ್ಷ ನುಂಗಿದ ಅರಳೆಯ ಧೂಳು ಪುಪ್ಪುಸದಲ್ಲಿ ಕೂತಿದೆ ಅಂದರು ಡಾಕ್ಟರು. ಕೆಲಸ ಬಿಡಿಸಿದರು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯುವರು. ಇನ್ನೆಷ್ಟು ದಿನ ಅಂತ ಅಕ್ಕ ಕೇಳಿದ್ದಕ್ಕೆ ಡಾಕ್ಟರು ಎರಡು ಬೇಸಿಗೆ ದಾಟಿದರೆ ದೊಡ್ಡದು ಅಂದರಂತೆ. ಅಕ್ಕ ಅಡುಗೆಮನೆಯಲ್ಲಿ ಅತ್ತಳು. ಮಾಸ್ಟರ್ ಬೆರಳು ಮಡಿಚಿ ಲೆಕ್ಕ ಹಾಕಿದರು. “ಈ ಚಳಿಗಾಲದಾಗ ಕಾಯಿ ಹಿಡಿಸಿದ್ರ, ಮುಂದಿನದು ಬಿಟ್ಟು ಅದರ ಮುಂದಿನ ಬ್ಯಾಸಿಗಿಗೆ ಹೂವು. ಆತು. ಇದೊಂದ ಸಲ ಐತಿ.”

ಇಲ್ಲಿ ನಾನು ಬರುತ್ತೇನೆ. ನಾನು ಸಿರುಗುಪ್ಪದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ, ದಿನಾ ಬಳ್ಳಾರಿಯಿಂದ ಬಸ್ಸಿನಲ್ಲಿ ಓಡಾಟ. ಕಾಲೇಜಿನ ಪಕ್ಕ ರೈಸ್‌ಮಿಲ್ಲಿನವರ ಮನೆ. ಆ ಡಿಸೆಂಬರಿನಲ್ಲಿ ಒಂದು ದಿನ ಅವರ ಕಾಂಪೌಂಡಿನಲ್ಲಿ ಒಂದು ದಾಸವಾಳ ನೋಡಿದೆ. ತೌಡಿನ ಧೂಳು ಕೂತಿದೆ ಅಂದುಕೊಂಡೆ. ಹತ್ತಿರ ಹೋದರೆ ಹೂವಿನ ಬಣ್ಣವೇ ಬೂದಿ, ಒಳಗೆ ನೀಲಿಯ ಛಾಯೆ. ಫೋನಿನಲ್ಲಿ ಫೋಟೋ ತೆಗೆದು ತಂದು ತೋರಿಸಿದೆ. ಮಾಸ್ಟರ್ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ, “ಲೇ ತಮ್ಮಾ, ನಲವತ್ತೊಂದಕ್ಕ ಗಂಡ ಸಿಕ್ಕ” ಅಂದರು. ಆ ಮುಖವನ್ನು ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವರಿಗೆ ಬಸ್ಸು ಹತ್ತುವ ಶಕ್ತಿ ಇರಲಿಲ್ಲ. ಪುಡಿ ನಾನು ತರುವುದು ಅಂತಾಯಿತು. ನಲವತ್ತೊಂದರಲ್ಲಿ ಮರುದಿನ ಆ ಚಳಿಗಾಲದ ಮೊದಲ ಹೂವು ಬಿರಿಯುವುದಿತ್ತು, ಆ ವಾರವಿಡೀ ಸಾಲಾಗಿ ಮೊಗ್ಗುಗಳಿದ್ದವು. ಒಂದು ಸ್ಟೀಲ್ ಡಬ್ಬಿ ಕೊಟ್ಟರು. ತಳದಲ್ಲಿ ಹಿಡಿ ಅಕ್ಕಿ, ಅದರ ಮೇಲೆ ಕಾಗದ. “ಎಸಳು ಕಿತ್ತು ಹಾಕು, ನಡುವಿನ ಕಡ್ಡಿ ಅಷ್ಟ ಇಡು. ನೀರು ತಾಗಿಸಬ್ಯಾಡ. ಒಂದ ಹನಿ ತಾಗಿದ್ರೂ ಪುಡಿ ಸತ್ತು ಹೋಗತದ. ತಿಳೀತಾ?” ತಿಳೀತ್ರಿ ಅಂದೆ. ಮೂರು ಸಲ ಹೇಳಿದರು. ಮೂರು ಸಲವೂ ತಿಳೀತ್ರಿ ಅಂದೆ. ಮೂರನೇ ಸಲ ಸ್ವಲ್ಪ ಸಿಟ್ಟೂ ಬಂತು, ಏನು ಇಷ್ಟು ಹೇಳುತ್ತಾರೆ, ಹೂವು ತರುವುದು ನನಗೆ ಗೊತ್ತಿಲ್ಲವೇ ಅಂತ.

ಗೊತ್ತಿತ್ತು, ಅದೇ ಬಂತು ಅಪಾಯಕ್ಕೆ. ನಮ್ಮ ಕಡೆ ಹೂವು ಅಂದರೆ ಮಲ್ಲಿಗೆ, ಕನಕಾಂಬರ, ಸೇವಂತಿಗೆ. ಹೂವು ತರುವುದು ಅಂದರೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತರುವುದು. ಹುಟ್ಟಿದಾಗಿನಿಂದ ನೋಡಿದ್ದು, ಮಾಡಿದ್ದು ಅದೇ. ಮರುದಿನ ಅರ್ಧ ದಿನ ರಜೆ ಹಾಕಿ, ಬಿಸಿಲೇರಿದ ಮೇಲೆ ಮಿಲ್ಲಿನವರ ಮನೆಯಾಕೆಯನ್ನು ಕೇಳಿ ಹೂವು ಕಿತ್ತೆ. ಇಷ್ಟು ಚೆಂದದ ಹೂವಿನ ಎಸಳು ಆಕೆಯ ಕಣ್ಣೆದುರೇ ಹರಿದು ಹಾಕಲು ಮನಸ್ಸಾಗಲಿಲ್ಲ, ಬಸ್ಸಿನಲ್ಲಿ ಕಿತ್ತರಾಯಿತು ಅಂದುಕೊಂಡೆ. ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಹೂವು ಬಾಡಿದಂತೆ ಕಂಡಿತು. ಕರವಸ್ತ್ರ ನಲ್ಲಿಗೆ ಹಿಡಿದೆ, ಹಿಂಡಿದೆ, ಹೂವಿಗೆ ಸುತ್ತಿ ಡಬ್ಬಿಯಲ್ಲಿಟ್ಟೆ. ಕೈ ತಾನಾಗಿ ಮಾಡಿತು. ತಲೆಗೆ ಒಂದು ಮಾತು ಕೇಳಲಿಲ್ಲ.

ನೇರ ಬಸ್ಸು ತಪ್ಪಿ, ಕುರುಗೋಡು ಸುತ್ತಿ ಬರುವ ಬಸ್ಸು ಹತ್ತಿದ್ದೆ. ಕುರುಗೋಡಿನಲ್ಲಿ ಬಸ್ಸು ನಿಂತಾಗ ಎಸಳು ಕೀಳಲು ಡಬ್ಬಿ ತೆಗೆದೆ. ಪುಡಿ ಕರಗಿ ಅರಿಶಿನ ಕಲಸಿದ ಹಾಗೆ ಕಡ್ಡಿಗೆ ಮೆತ್ತಿಕೊಂಡಿತ್ತು. ಆಗ ನೆನಪಾಯಿತು ಆ ಮೂರು ಸಲದ ಮಾತು. ಬಸ್ಸಿಳಿದೆ. ಯಾಕೆ ಇಳಿದೆ ಅಂತ ಇಳಿಯುವಾಗ ನನಗೇ ಗೊತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಮನೆಯ ಗೋಡೆ ಮೇಲೆ ದಾಸವಾಳ ಬಾಗಿತ್ತು. ಎಲ್ಲ ಊರಲ್ಲೂ ಇರುತ್ತದಲ್ಲ, ಐದೆಸಳಿನ ಕೆಂಪು. “ದೇವರಿಗೆ ಬೇಕಾಗಿತ್ರಿ” ಅಂದೆ ಬಾಗಿಲಲ್ಲಿ ನಿಂತ ಹೆಂಗಸಿಗೆ. “ಹರ್ಕೋರಿ, ಅದಕ್ಕೇನ ಕೇಳ್ತೀರಿ” ಅಂದಳು ಪುಣ್ಯಾತ್ಗಿತ್ತಿ. ಕಡ್ಡಿ ಕೆಂಪಗಿದ್ದರೆ ಗುರುತು ಸಿಗುತ್ತದೆ ಅಂತ, ಬರೀ ಹಳದಿ ಗುಂಡುಗಳನ್ನು ಉಗುರಿನಿಂದ ಚಿವುಟಿ ಕಾಗದದ ಚೀಟಿಯಲ್ಲಿ ಮಡಿಚಿಟ್ಟುಕೊಂಡೆ. ಅಲ್ಲಿಗೆ ನನ್ನ ತಪ್ಪು ಮರೆವಾಗಿ ಉಳಿಯಲಿಲ್ಲ, ಮೋಸವಾಯಿತು.

ಯಾಕೆ ಮಾಡಿದೆ? ಎಷ್ಟು ಸಲ ಕೇಳಿಕೊಂಡಿದ್ದೇನೆ! ದೊಡ್ಡ ಕಾರಣ ಏನೂ ಇಲ್ಲ. ಮೂರು ಸಲ ಹೇಳಿಸಿಕೊಂಡ ಮೇಲೆ ತಪ್ಪು ಮಾಡಿದೆ ಅಂತ ಹೇಳಲು ನಾಚಿಕೆ. ಮತ್ತೆ ನಾಳೆ ಪ್ರಿನ್ಸಿಪಾಲರ ಮುಂದೆ ರಜೆಗೆ ಹಲ್ಲು ಗಿಂಜಬೇಕಲ್ಲ ಅನ್ನುವ ಬೇಸರ. ಹೂವಿಗೆ ಹೂವು, ಯಾವುದಾದರೇನು ಅನ್ನುವ ಉಡಾಫೆ. ಆ ಒದ್ದೆ ಪುಡಿಯನ್ನೇ ಕೊಟ್ಟಿದ್ದರೂ ಕಾಯಿ ಕಟ್ಟುತ್ತಿರಲಿಲ್ಲ, ಅವರು ಇನ್ನೊಂದು ಸಲ ನೋಡುತ್ತಿದ್ದರು. ಅದೂ ನನಗೆ ಹೊಳೆಯಲಿಲ್ಲ.

ಮಾಸ್ಟರ್ ಬಾಗಿಲಲ್ಲೇ ಕಾಯುತ್ತಿದ್ದರು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು. “ಕಡ್ಡಿ ಎಲ್ಲಿ?” ಅಂದರು. “ಬರೀ ಪುಡಿ ಅಷ್ಟ ತಂದೆ ಮಾಸ್ಟರ್, ಹಗುರಾತು ಅಂತ” ಅಂದೆ. “ಶಾಣ್ಯಾ ಅದೀ” ಅಂದು ನನ್ನ ಬೆನ್ನು ತಟ್ಟಿದರು. ಕೈ ನಡುಗದಂತೆ ಮೊಣಕೈಯನ್ನು ಮಂಡಿಗೆ ಆನಿಸಿ, ಐದು ಚುಕ್ಕೆಗೂ ಮುಟ್ಟಿಸಿದರು. ಹೊಸದಾಗಿ ತರಿಸಿದ್ದ ಆಕಾಶನೀಲಿ ದಾರ ಕಟ್ಟಿದರು. ಪುಸ್ತಕದಲ್ಲಿ ಬರೆದರು: ತಾಯಿ ನಲವತ್ತೊಂದು, ತಂದೆ ಸಿರುಗುಪ್ಪ ಬೂದಿ. ನಾನು ಪಕ್ಕದಲ್ಲಿ ನಿಂತು ಪೆನ್ನಿನ ಮುಚ್ಚಳ ಹಿಡಿದುಕೊಂಡಿದ್ದೆ. ಹತ್ತು ದಿನದಲ್ಲಿ ಕಾಯಿ ಗಟ್ಟಿಯಾಯಿತು. ಉಳಿದ ಮೊಗ್ಗುಗಳನ್ನೆಲ್ಲ ಚಿವುಟಿ ಹಾಕಿದರು.

ಬೀಜ ಎಂಟು. ಮೊಳೆತದ್ದು ಐದು. ಆ ಐದು ಸಸಿಗಳಿಗಾಗಿ ಆ ಮನುಷ್ಯ ಉಸಿರಾಡಿದರು, ಬೇರೆ ಮಾತಿಲ್ಲ. ಮೂಗಿಗೆ ಆಕ್ಸಿಜನ್ನಿನ ಕೊಳವೆ ಬಂತು, ಕೊಳವೆಯ ಉದ್ದ ಎಷ್ಟೋ ಅಷ್ಟು ದೂರಕ್ಕೆ ಕುಂಡಗಳನ್ನು ಎಳೆಸಿ ಇಟ್ಟುಕೊಂಡರು. ಒಂದು ಬೇಸಿಗೆ ದಾಟಿದರು. ಮುಂದಿನ ಚಳಿಗಾಲದಲ್ಲಿ ನಲವತ್ತೊಂದಕ್ಕೆ ಬೇರೆ ಯಾರನ್ನೂ ಕೂಡಿಸಲಿಲ್ಲ, ಇದರ ಫಲ ನೋಡುವ ತನಕ ಬೇಡ ಅಂದರು. ನಾನು ದಿನಾ ಹೋಗುತ್ತಿದ್ದೆ, ನೀರು ಹಾಕುತ್ತಿದ್ದೆ, ಎಲೆ ಒರೆಸುತ್ತಿದ್ದೆ. ಜನ ಬಲಗೈ ಅಂದದ್ದು ಇದಕ್ಕೆ. ಒಳಗೊಳಗೆ ದೇವರಿಗೆ ಹರಕೆ ಹೊರುತ್ತಿದ್ದೆ, ಹೇಗಾದರೂ ಒಂದು ಸಸಿಯಲ್ಲಿ ಚೂರು ನೀಲಿ ತೋರಿಸಪ್ಪಾ ಅಂತ. ಕುರುಗೋಡಿನ ಕೆಂಪಿನಲ್ಲಿ ನೀಲಿ ಎಲ್ಲಿಂದ ಬರಬೇಕು!

ಎರಡನೇ ಬೇಸಿಗೆ, ಯುಗಾದಿ ಕಳೆದ ವಾರ, ಮೊದಲ ಮೊಗ್ಗು ಬಿರಿಯಿತು. ಕೆಂಪು. ಐದೆಸಳಿನ ಊರ ಕೆಂಪು. ಮಾಸ್ಟರ್ ಮುಂದಿನ ಕುಂಡದ ಕಡೆ ಕೈ ಮಾಡಿದರು. “ಇನ್ನೂ ನಾಲ್ಕು ಅದಾವ” ಅಂದರು. ಎರಡು ದಿನ ಬಿಟ್ಟು ಇನ್ನೆರಡು ಒಟ್ಟಿಗೇ ಬಿರಿದವು. ಅವೂ ಕೆಂಪು. ಇಂಚುಟೇಪು ತೆಗೆದು ಎಸಳು ಅಳೆದರು, ಮತ್ತೆ ಅಳೆದರು. “ಇದು ಆಗಾಕ ಸಾಧ್ಯ ಇಲ್ಲ. ನೇರಳಿ ತಾಯಿ, ಬೂದಿ ತಂದಿ. ಮೂರಕ್ಕ ಮೂರೂ ಊರ ಕೆಂಪು ಬರೋದುಂಟೇನು? ಎಲ್ಲ್ಯೋ ಲೆಕ್ಕ ತಪ್ಪೈತಿ” ಅಂತ ಪುಸ್ತಕ ತೆರೆದು ಕೂತರು. ಉಸಿರು ಸಿಕ್ಕಿಕೊಂಡು ಮಾತು ತುಂಡು ತುಂಡಾಗಿ ಬರುತ್ತಿತ್ತು. ನನ್ನ ಕಡೆ ಒಮ್ಮೆ ನೋಡಿದರು. ನನ್ನ ಮೇಲೆ ಅನುಮಾನ ಬಂತು ಅಂದುಕೊಂಡೆ. “ನೀನು ಕಣ್ಣಾರೆ ನೋಡಿ ಬೂದಿ ಹೂವಿಂದ ತಂದೀ. ಆದ್ರಿಂದ ತಂದಿ ಕಡೀಂದ ತಪ್ಪಿಲ್ಲ” ಅಂದರು. ಆಗ ಹೇಳಬೇಕಿತ್ತು. ಅದೇ ಹೊತ್ತು, ಅದೇ ಉಸಿರಿನಲ್ಲಿ ಹೇಳಬೇಕಿತ್ತು. “ಇರಬೇಕ್ರಿ” ಅಂದೆ. ಎದ್ದು ಮನೆಗೆ ಬಂದೆ.

ಮರುದಿನದಿಂದ ನಾಲ್ಕು ದಿನ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ, ಸಿರುಗುಪ್ಪದಲ್ಲೇ ಉಳಿದೆ. ಸುಳ್ಳೇಕೆ, ಅವರ ಮುಖ ತಪ್ಪಿಸುವುದಕ್ಕೇ ಉಳಿದೆ. ಮಿಲ್ಲಿನವರ ಕಾಂಪೌಂಡಿನಲ್ಲಿ ಆ ಬೂದಿ ದಾಸವಾಳ ದಿನಾ ಅರಳುತ್ತಿತ್ತು. ತಲೆ ತಗ್ಗಿಸಿಕೊಂಡು ಅದರ ಮುಂದೆ ಹಾಯುತ್ತಿದ್ದೆ. ನಾಲ್ಕನೇ ದಿನ ತಡೆಯಲಾಗಲಿಲ್ಲ, ಏನಾದರಾಗಲಿ ಹೇಳಿಯೇ ಬಿಡುತ್ತೇನೆ ಅಂತ ಮಧ್ಯಾಹ್ನದ ಬಸ್ಸಿಗೆ ಹೊರಟು ಬಂದೆ.

ಅಂಗಳಕ್ಕೆ ಕಾಲಿಟ್ಟೆ. ನಲವತ್ತೊಂದು ಇದ್ದ ತೊಟ್ಟಿ ಖಾಲಿ. ಬಾಗಿಲ ಬಳಿ ಅಕ್ಕ ಕೂತಿದ್ದಳು. “ಮೊನ್ನಿ ಉಳಿದೆರಡೂ ಕೆಂಪ ಬಂದ್ವು ತಮ್ಮಾ. ಹುಚ್ಚು ಹಿಡಿದಂಗ ಮಾಡಿದ್ರು. ಕತ್ತರಿ ಕೇಳಿದ್ರು. ನನ್ನ ಕೈಲೆ ನಲವತ್ತೊಂದರ ಬೇರ ಕೀಳಿಸಿದ್ರು. ನಿನ್ನಿ ಕಸದ ಗಾಡಿಗೆ ಹಾಕಿಸಿದ್ರು.” ಚಪ್ಪರದ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಚರಂಡಿಯಲ್ಲಿ, ಎಲ್ಲ ಹುಡುಕಿದೆ. ಒಂದು ಗೇಣು ಟೊಂಗೆ ಸಿಕ್ಕಿತು. ಮುರಿದರೆ ಪಟ್ಟಂತ ಮುರಿಯಿತು, ಆ ಬಿಸಿಲಿಗೆ ಒಳಗೆಲ್ಲ ಒಣಗಿ ಕಡ್ಡಿಯಾಗಿತ್ತು.

ಮಾಸ್ಟರ್ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ತೊಡೆಯ ಮೇಲೆ ಪುಸ್ತಕ. ನಲವತ್ತೊಂದನ್ನು ತಾಯಿ ಅಂತ ಬರೆದಿದ್ದ ಪ್ರತಿ ಸಾಲಿನ ಮೇಲೂ ಗೆರೆ ಎಳೆದಿದ್ದರು. ಅದರ ತಾಯಿ, ಅದರ ಅಜ್ಜಿ, ಆ ಸಾಲುಗಳ ಮೇಲೂ. ಪುಟದ ಮೇಲೆ ಪುಟ. ನನ್ನನ್ನು ನೋಡಿ ಅವರೇ ಸಮಾಧಾನ ಹೇಳುವವರ ಹಾಗೆ ಅಂದರು, “ನಾ ಮುಟ್ಟೋಕಿಂತ ಮೊದ್ಲ ಇರುವಿನೋ ಜೇನೋ ಊರ ಕೆಂಪಿನ ಪುಡಿ ಮುಟ್ಟಿಸಿ ಹೋಗತಿತ್ತು ಕಾಣ್ತದ ತಮ್ಮಾ. ಮೊದ್ಲಿಂದ ಹಂಗ ಆಗೇತಿ, ನಲವತ್ತೊಂದರ ರಕ್ತದಾಗ ಕೆಂಪ ಕೂತೈತಿ. ಹನ್ನೊಂದು ವರ್ಷ ಸುಳ್ಳು ಬರದೀನಿ. ಸುಳ್ಳು ಗಿಡ ಬಿಟ್ಟು ಹೋದ್ರ ಮುಂದ ಇನ್ನೊಬ್ಬ ಮೋಸ ಹೋಗ್ತಾನ. ಅದಕ್ಕ ಕಿತ್ತಿಸಿದೆ.”

ಅವರ ಕಾಲ ಬಳಿ ನೆಲದ ಮೇಲೆ ಕೂತೆ. ಹೇಳಿದೆ. ಒದ್ದೆ ಕರವಸ್ತ್ರ ಹೇಳಿದೆ, ಕುರುಗೋಡಿನ ಗೋಡೆ ಹೇಳಿದೆ, ಚೀಟಿ ಹೇಳಿದೆ. ತಲೆ ಎತ್ತಲಿಲ್ಲ.

“ಎಷ್ಟೆಸಳು?” ಅಂದರು.

“ಐದ್ರಿ. ಕೆಂಪು.”

“ಹಂಗಾದ್ರ ಬರೋಬ್ಬರಿ ಬಂದಾವ.” ಮುಖ ಒಂದು ಗಳಿಗೆ ಅರಳಿತು. ದಿಂಬು ಬಿಟ್ಟು ಮುಂದೆ ಬಾಗಿದರು. “ಅಂದ್ರ ನನ್ನ ಲೆಕ್ಕ ಸರಿ ಐತಿ. ನಲವತ್ತೊಂದರದು ತಪ್ಪಿಲ್ಲ. ಏ, ಕೇಳಿದೇನ, ಅದರದು ತಪ್ಪಿಲ್ಲ!” ಅಂತ ಹೆಂಡತಿಯನ್ನು ಕೂಗಿದರು. ಕೂಗಿದವರು ಹಾಗೇ ಬಾಗಿಲಾಚೆ ಖಾಲಿ ತೊಟ್ಟಿಯ ಕಡೆ ನೋಡಿದರು. ಬಾಯಿ ತೆರೆದೇ ಇತ್ತು. ಮತ್ತೆ ದಿಂಬಿಗೆ ಒರಗಿದರು.

“ನಾಳಿ ಬೆಳಿಗ್ಗೆನ ಸಿರುಗುಪ್ಪದಿಂದ ತರ್ತೀನ್ರಿ ಮಾಸ್ಟರ್. ಹೂವು ಇನ್ನೂ ಬಿಡಾಕತ್ತೈತ್ರಿ” ಅಂದೆ. ನಾನೇನು ಹೇಳುತ್ತಿದ್ದೇನೆ ಅಂತ ನನಗೇ ತಿಳಿಯುತ್ತಿರಲಿಲ್ಲ.

“ತಂದು ಯಾವ ತಾಯಿಗೆ ಹಚ್ಚೂಣು?” ಅಂದರು.

ಆಮೇಲೆ ಪುಸ್ತಕವನ್ನು ನನ್ನ ಕಡೆ ಸರಿಸಿದರು. ಅವರ ಕೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ‘ತಂದೆ: ಸಿರುಗುಪ್ಪ ಬೂದಿ’ ಇದ್ದಲ್ಲಿ ಒಂದು ಗೆರೆ ಎಳೆಸಿದರು. ಮೇಲೆ ‘ಕುರುಗೋಡು, ಊರ ಕೆಂಪು’ ಅಂತ ಬರೆಸಿದರು. ನನ್ನ ಕಣ್ಣೀರು ಬಿದ್ದು ‘ಕೆಂಪು’ ಅನ್ನುವುದು ಕದಡಿತು, ಇನ್ನೊಮ್ಮೆ ಬರಿ ಅಂದರು. ಇನ್ನೊಮ್ಮೆ ಬರೆದೆ. ಅದಾಗಿ ಮೂರು ವಾರವೂ ಅವರು ಇರಲಿಲ್ಲ.

ಆ ದಿನ ಪುಸ್ತಕ ಮುಚ್ಚಿಟ್ಟ ಮೇಲೆ, “ಬೈರಿ ಮಾಸ್ಟರ್. ಕಾಲಾಗಿಂದು ತಗೊಂಡು ಹೊಡೀರಿ” ಅಂದೆ. ತೆಲುಗಿನಲ್ಲಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ.

“ಪುಡಿ ತಂದ ದಿನ ಯಾಕ ಹೇಳಲಿಲ್ಲ?” ಅಂದರು.

“ನಿಮಗ ಬೇಜಾರ ಆಗತದ ಅಂತ ಹೆದರಿದ್ನಿರಿ.”

ಅವರು ಮೂಗಿನ ಕೊಳವೆ ಸರಿಮಾಡಿಕೊಂಡರು.

“ಬೇಜಾರ ಆಗ್ತಿತ್ತು” ಅಂದರು. “ಮರುದಿನ ಮತ್ತೊಂದು ಹೂವು ಬಿಡ್ತಿತ್ತಲ್ಲೋ ತಮ್ಮಾ.”